ಗೇರುಬೀಜಕ್ಕಿರುವ ಲೆಕ್ಕ ಫ್ಲ್ಯಾಟಿಗೆ ಯಾಕಿಲ್ಲ?

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರದ ನಿಮ್ಮ ಪುರವಣಿಯ ಕೊನೆಯ ಪುಟ ನನ್ನ ಮುಂದೆ ಇದೆ. ಇಡೀ ಪುಟಕ್ಕೆ ಒಂದೇ ಜಾಹೀರಾತು. ನೀಲಿ ಸಮುದ್ರ, ನಾಲ್ಕು ತೆಂಗಿನ ಮರ, ಆಕಾಶ ಮುಟ್ಟುವ ಕಟ್ಟಡ, ಬಾಲ್ಕನಿಯಲ್ಲಿ ಕಾಫಿ ಕುಡಿಯುತ್ತಿರುವ ಗಂಡ ಹೆಂಡತಿ. ಗಲ್ಫಿನಲ್ಲಿರುವ ನಮ್ಮವರಿಗೆ ವಿಶೇಷ ರಿಯಾಯಿತಿಯಂತೆ. ಮೂರು ಬೆಡ್‌ರೂಮ್, 1,450 ಚದರಡಿ ಅಂತ ಹೆಬ್ಬೆರಳಿನಷ್ಟು ದಪ್ಪ ಅಕ್ಷರ. ಅದು ಸೂಪರ್ ಬಿಲ್ಟಪ್, ಅಂದರೆ ಮೆಟ್ಟಿಲು ಲಿಫ್ಟಿನ ಪಾಲೂ ಸೇರಿದ ಲೆಕ್ಕ, ಅನ್ನುವ ಮಾತು ಮಾತ್ರ ಪುಟದ ಬುಡದಲ್ಲಿ, ಇರುವೆ ಸಾಲಿನ ಹಾಗೆ. ಕಟ್ಟಡದ ಯೋಜನೆ ಸರಕಾರದಲ್ಲಿ ನೋಂದಣಿ ಆದದ್ದನ್ನು ಹೇಳುವ ರೇರಾ ನಂಬರ್ ಓದಲಿಕ್ಕೆ ನನ್ನ ಕನ್ನಡಕ ಸಾಲಲಿಲ್ಲ. ಮೊಮ್ಮಗಳು ಫೋನಿನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿ ತೋರಿಸಿದಳು.

ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆದೀತು. ಕತ್ತರಿ ಹಾಕುವುದಾದರೆ ದುಬೈಯ ಭಾಗಕ್ಕೆ ಹಾಕಿ, ಗೇರುಬೀಜದ್ದು ಬಿಡಿ.

ನಾನು ಮಂಗಳೂರಿನ ಒಂದು ಗೇರುಬೀಜ ಫ್ಯಾಕ್ಟರಿಯ ಆಫೀಸಿನಲ್ಲಿ 1984ರಿಂದ 31 ವರ್ಷ ಗುಮಾಸ್ತನಾಗಿದ್ದವನು. ಹೊರದೇಶಕ್ಕೆ ಹೋಗುವ ಸರಕಿನ ಕಾಗದಪತ್ರ ಮಾಡುವುದು ನನ್ನ ಕೆಲಸ. ನಾನು ಹಡಗು ಹತ್ತಿದವನಲ್ಲ. ಪಾಸ್‌ಪೋರ್ಟ್ ಮಾಡಿಸಿದ್ದೇ ನಿವೃತ್ತಿ ಆದ ಮೇಲೆ. ಆದರೆ ರೋಟರ್‌ಡ್ಯಾಮ್, ಹ್ಯಾಂಬರ್ಗ್, ನ್ಯೂಯಾರ್ಕ್ ಅನ್ನುವ ಹೆಸರುಗಳನ್ನು ನಾನು ಟೈಪ್ ಮಾಡಿದಷ್ಟು ಸಲ ನಮ್ಮ ಬಿಜೈಯಲ್ಲಿ ಬೇರೆ ಯಾರೂ ಮಾಡಿರಲಿಕ್ಕಿಲ್ಲ.

ಆ ಊರುಗಳಲ್ಲಿ ನಮ್ಮ ಬೀಜ ಕೊಳ್ಳುವವರು ಮಂಗಳೂರು ನೋಡಿದವರಲ್ಲ. ಫ್ಯಾಕ್ಟರಿ ನೋಡಿದವರಲ್ಲ. ನಮ್ಮ ಧಣಿಗಳ ಮುಖ ಕೂಡ ಎಷ್ಟೋ ಜನ ನೋಡಿರಲಿಲ್ಲ. ಆದರೂ ಒಂದು ಕಂಟೇನರ್ ಬೀಜಕ್ಕೆ ಧೈರ್ಯವಾಗಿ ಆರ್ಡರ್ ಕೊಡುತ್ತಿದ್ದರು. ಯಾಕೆಂದರೆ ಡಬ್ಲ್ಯು 320 ಅಂದರೆ ಏನು ಅಂತ ಅವರಿಗೂ ಗೊತ್ತು, ನಮಗೂ ಗೊತ್ತು. ಒಂದು ಪೌಂಡಿಗೆ, ಅಂದರೆ 454 ಗ್ರಾಮಿಗೆ, 300ರಿಂದ 320 ಇಡೀ ಬೀಜ. ಡಬ್ಲ್ಯು 240 ಅಂದರೆ 220ರಿಂದ 240. ನಂಬರ್ ಸಣ್ಣದಾದಷ್ಟು ಬೀಜ ದೊಡ್ಡದು, ರೇಟೂ ದೊಡ್ಡದು. ಹೋಳಾದದ್ದಕ್ಕೆ ಬೇರೆ ಹೆಸರು, ತುಂಡಿಗೆ ಬೇರೆ, ಸುಡುವಾಗ ಬಣ್ಣ ತಿರುಗಿದ್ದಕ್ಕೆ ಬೇರೆ. ತೇವಾಂಶ ನೂರಕ್ಕೆ 5 ಮೀರಬಾರದು. 25 ಪೌಂಡಿನ ಡಬ್ಬ, ಒಳಗಿನ ಗಾಳಿ ಎಳೆದು ಕಾರ್ಬನ್ ಡೈಆಕ್ಸೈಡ್ ತುಂಬಿ ಬೆಸುಗೆ. ಎರಡು ಡಬ್ಬಕ್ಕೆ ಒಂದು ಕಾರ್ಟನ್. 20 ಅಡಿ ಕಂಟೇನರಿಗೆ 700 ಕಾರ್ಟನ್. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ.

ಇದನ್ನೆಲ್ಲ ನಡೆಸುತ್ತಿದ್ದದ್ದು ಗ್ರೇಡಿಂಗ್ ಹಾಲಿನ ಹೆಂಗಸರು. ಬಜ್ಪೆ ಕಡೆಯಿಂದ ಬೆಳಿಗ್ಗೆ ಮೊದಲ ಬಸ್ಸಿಗೆ ಬರುತ್ತಿದ್ದ ಒಬ್ಬರು ಅಕ್ಕ ಇದ್ದರು. ಅವರು ತಕ್ಕಡಿ ಮುಟ್ಟದೆ ಬೊಗಸೆಯಲ್ಲಿ ಬೀಜ ಎತ್ತಿ "ಇದು 240 ಅಲ್ಲ, 320ಕ್ಕೆ ಹಾಕಿ" ಅನ್ನುತ್ತಿದ್ದರು. ಎಣಿಸಿ ನೋಡಿದರೆ ಸರಿಯೇ ಇರುತ್ತಿತ್ತು. ಅವರಿಗೆ ಸಹಿ ಹಾಕಲು ಬರುತ್ತಿರಲಿಲ್ಲ. ಸಂಬಳದ ಪುಸ್ತಕಕ್ಕೆ ಹೆಬ್ಬೆಟ್ಟು. ಹಾಲೆಂಡಿನ ವ್ಯಾಪಾರಿ ನಂಬಿದ್ದು ಅಸಲಿಗೆ ಅವರ ಬೊಗಸೆಯನ್ನು.

1997ರಲ್ಲಿ ಒಂದು ಫ್ಯಾಕ್ಸ್ ಬಂತು. ನಮ್ಮ 320ರ ಸರಕಿನಲ್ಲಿ ಕೆಲವು ಡಬ್ಬ ಒಡೆದು ಎಣಿಸಿದ್ದಾರೆ, ಪೌಂಡಿಗೆ 334 ಬಂದಿದೆ, ಅಷ್ಟಕ್ಕೆ ದುಡ್ಡು ಕಡಿಮೆ ಮಾಡಿ ಅಂತ. ನನಗೆ ಸಿಟ್ಟು ಬಂತು. ಹದಿನಾಲ್ಕು ಬೀಜಕ್ಕೆ ತಕರಾರಾ? ಒಂದು ಖಾರದ ಉತ್ತರ ತಯಾರು ಮಾಡಿ ಧಣಿಗಳ ಮುಂದೆ ಇಟ್ಟೆ. ಅವರು ಓದಿ ಪಕ್ಕಕ್ಕಿಟ್ಟರು. "ಎಣಿಸಿದ್ದಾರೆ ಮಾರಾಯ. ಎಣಿಸಿದವರ ಹತ್ತಿರ ಏನು ಜಗಳ ಮಾಡುವುದು? ಬಿಟ್ಟುಕೊಡು" ಅಂದರು. ಬಿಟ್ಟುಕೊಟ್ಟೆವು. ಒಪ್ಪದಿದ್ದರೆ ಪಂಚಾಯ್ತಿಗೆ ಎಲ್ಲಿಗೆ ಹೋಗಬೇಕು ಅಂತಲೂ ಕರಾರಿನಲ್ಲೇ ಇರುತ್ತಿತ್ತು. ಯುರೋಪಿನ ಸರಕಿಗೆ ಲಂಡನ್ನಿನ ಸೆಂಟಾ, ಅಮೆರಿಕಕ್ಕೆ ಅಲ್ಲಿಯ ಎಎಫ್‌ಐ, ಎರಡೂ ವ್ಯಾಪಾರಿಗಳ ಸಂಘ. ಅವರ ಷರತ್ತುಗಳ ಮೇಲೇ ನಮ್ಮ ವ್ಯಾಪಾರ.

ಕಾಗದದ ಶಿಸ್ತು ಇದಕ್ಕಿಂತ ಮೇಲೆ. ಎಲ್‌ಸಿ, ಅಂದರೆ ಖರೀದಿದಾರರ ಬ್ಯಾಂಕು ದುಡ್ಡಿಗೆ ಖಾತರಿ ಕೊಡುವ ಪತ್ರದ, ವ್ಯವಹಾರದಲ್ಲಿ ಬ್ಯಾಂಕಿನವರು ಬೀಜ ನೋಡುವುದಿಲ್ಲ, ಕಾಗದ ಮಾತ್ರ ನೋಡುತ್ತಾರೆ. ಹಡಗಿಗೆ ಸರಕು ಹತ್ತಿದ 21 ದಿನದೊಳಗೆ ಎಲ್ಲ ಕಾಗದ ಬ್ಯಾಂಕಿಗೆ ಮುಟ್ಟಬೇಕು. ಒಂದಕ್ಕೊಂದು ಹೊಂದಬೇಕು. ಒಮ್ಮೆ ನಾನು ಖರೀದಿದಾರರ ಕಂಪನಿಯ ಹೆಸರಿನಲ್ಲಿ ಒಂದು ಅಕ್ಷರ ನುಂಗಿದ್ದೆ. ಇನ್‌ವಾಯ್ಸಿನಲ್ಲಿ ಒಂದು ಥರ, ಹಡಗಿನವರು ಕೊಡುವ ರಸೀದಿ ಬಿಲ್ ಆಫ್ ಲೇಡಿಂಗಿನಲ್ಲಿ ಇನ್ನೊಂದು ಥರ. ಒಂಬತ್ತು ದಿನ ದುಡ್ಡು ನಿಂತಿತು. ಆ ಒಂಬತ್ತು ದಿನ ನನಗೆ ಊಟ ಸೇರಲಿಲ್ಲ.

ಇದೇನು ದೊಡ್ಡ ವ್ಯಾಪಾರಿಗಳ ಮಾತು ಅಂತ ಅನ್ನಬೇಡಿ. ನಮ್ಮ ಮೂಲಮನೆ ಕಟಪಾಡಿ ಹತ್ತಿರ, ಶಂಕರಪುರ ಮಲ್ಲಿಗೆಯ ಸೀಮೆ. ಅಮ್ಮ ಬೆಳಿಗ್ಗೆ ಮೊಗ್ಗು ಕೊಯ್ದು ಬಾಳೆನಾರಿನಲ್ಲಿ ಕಟ್ಟುತ್ತಿದ್ದರು. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಆ ಹೂವು ಮುಂಬೈಗೂ ಹೋಗುತ್ತದೆ, ಗಲ್ಫಿಗೂ ಹೋಗುತ್ತದೆ. ಅಟ್ಟೆ ಅಂದರೆ ಅಲ್ಲೂ ಅಟ್ಟೆಯೇ. ಸೂಪರ್ ಅಟ್ಟೆ ಅಂತ ಹೇಳಿ ಎಲೆ, ನಾರು, ಬುಟ್ಟಿ, ಸೈಕಲ್ಲು ಎಲ್ಲ ಸೇರಿಸಿ ಲೆಕ್ಕ ಕೊಟ್ಟವರನ್ನು ನಾನು ಕಂಡಿಲ್ಲ.

ಈಗ ಫ್ಲ್ಯಾಟಿನ ವಿಷಯಕ್ಕೆ ಬರುತ್ತೇನೆ.

ನನ್ನ ತಂಗಿಯ ಮಗ ದುಬೈಯಲ್ಲಿದ್ದಾನೆ. 2019ರಲ್ಲಿ ಅಲ್ಲಿನ ಒಂದು ಹೋಟೆಲಿನಲ್ಲಿ ಮಂಗಳೂರಿನ ಫ್ಲ್ಯಾಟ್ ಮಾರುವ ಎಕ್ಸ್‌ಪೋ ನಡೆಯಿತು. ಊರಿನವರೆಲ್ಲ ಸಿಗುತ್ತಾರೆ ಅಂತ ಹೋದವನು ಫ್ಲ್ಯಾಟ್ ಬುಕ್ ಮಾಡಿ ಬಂದ. 1,450 ಚದರಡಿ, ಚದರಡಿಗೆ 5,200 ರೂಪಾಯಿ, ಒಟ್ಟು 75 ಲಕ್ಷ 40 ಸಾವಿರ. 2023ರಲ್ಲಿ ಕೀಲಿಕೈ ಸಿಕ್ಕಿತು. "ಮಾವ, ಫೋಟೊದಲ್ಲಿ ಹಾಲ್ ಸಣ್ಣ ಕಾಣ್ತದೆ, ಒಮ್ಮೆ ಅಳತೆ ಮಾಡಿ" ಅಂತ ಫೋನ್ ಮಾಡಿದ. ನಮ್ಮ ಪಕ್ಕದ ಬಡಗಿಯನ್ನು ಕರಕೊಂಡು ಟೇಪ್ ಹಿಡಿದು ಹೋದೆ. ಕೋಣೆ ಕೋಣೆ ಅಳೆದು ಕೂಡಿಸಿದರೆ 1,035. ಎರಡು ಸಲ ಕೂಡಿಸಿದೆ. ಬಡಗಿ ಮೂರನೇ ಸಲ ಕೂಡಿಸಿದ.

ಉಳಿದ 415 ಚದರಡಿ ಎಲ್ಲಿಗೆ ಹೋಯಿತು? ಮೆಟ್ಟಿಲು, ಲಿಫ್ಟು, ಕೆಳಗಿನ ಲಾಬಿ, ಜನರೇಟರ್ ಕೋಣೆ, ಕ್ಲಬ್ ಹೌಸು, ಹೊರಗೋಡೆ, ಇವುಗಳಲ್ಲಿ ಅವನ ಪಾಲು. ಅವನು ನಿಜವಾಗಿ ಚಾಪೆ ಹಾಸಬಹುದಾದ ಜಾಗಕ್ಕೆ ಲೆಕ್ಕ ಹಾಕಿದರೆ ಚದರಡಿಗೆ ಸುಮಾರು 7,285 ರೂಪಾಯಿ ಬಿತ್ತು.

ಮೋಸ ಅಂತ ನಾನು ಹೇಳುತ್ತಿಲ್ಲ. ಕರಾರು ತೆಗೆದು ನೋಡಿದೆ. 14ನೇ ಪುಟದಲ್ಲಿ ಕಾರ್ಪೆಟ್ ಏರಿಯಾ, ಅಂದರೆ ಮನೆಯೊಳಗೆ ಬಳಸಲು ಸಿಗುವ ಜಾಗ, 96.15 ಚದರ ಮೀಟರ್ ಅಂತ ಸ್ಪಷ್ಟವಾಗಿ ಇದೆ. 10.764ರಿಂದ ಗುಣಿಸಿದರೆ ಸರಿಯಾಗಿ 1,035 ಚದರಡಿ. ರೇರಾ ಕಾನೂನು 2017ರ ಮೇ ತಿಂಗಳಿಂದ ಪೂರ್ತಿ ಜಾರಿಯಲ್ಲಿದೆ. ಮಾರುವವರು ಕಾರ್ಪೆಟ್ ಏರಿಯಾ ಹೇಳಲೇಬೇಕು, ಅದಕ್ಕೇ ಕರಾರಿನಲ್ಲಿ ಹೇಳಿದ್ದಾರೆ. ಆದರೆ ಎಕ್ಸ್‌ಪೋದ ಬಣ್ಣದ ಕಾಗದದಲ್ಲಿ ಹೇಳಿದ್ದು 1,450. ಒಂದು ಕಡೆ ಅಡಿ, ಇನ್ನೊಂದು ಕಡೆ ಮೀಟರ್. ಹುಡುಗ ಎಂಜಿನಿಯರ್ ಬೇರೆ. "ಸಹಿ ಹಾಕುವಾಗ ಯಾರು ಗುಣಿಸ್ತಾರೆ ಮಾವ?" ಅಂದ. ನಾನಾದರೆ ಗುಣಿಸುತ್ತಿದ್ದೆ. ನನ್ನನ್ನು ಕೇಳಿದ್ದು ನಾಲ್ಕು ವರ್ಷ ಆದ ಮೇಲೆ.

ಸಮುದ್ರದ ವಿಷಯವನ್ನೂ ಹೇಳಿಬಿಡುತ್ತೇನೆ. ಬಾಲ್ಕನಿಯಿಂದ ಕಾಣುವುದು ಎದುರಿನ ಕಟ್ಟಡದವರು ಒಣಗಲು ಹಾಕಿದ ಬಟ್ಟೆ. ಟೆರೇಸಿಗೆ ಹತ್ತಿ ನೀರಿನ ಟ್ಯಾಂಕಿನ ಪಕ್ಕ ನಿಂತರೆ ಎರಡು ಕಟ್ಟಡಗಳ ಸಂದಿಯಲ್ಲಿ ಸೀರೆಯ ಅಂಚಿನಷ್ಟು ನೀಲಿ ಕಾಣುತ್ತದೆ. ಆಟಿ ತಿಂಗಳ ಮಳೆಯಲ್ಲಿ ಅದೂ ಇಲ್ಲ.

ಗಲ್ಫಿನವರು ಬಂದು ನೋಡಿಯೇ ಕೊಳ್ಳಲಿ ಅಂತ ಹೇಳುವುದು ಸುಲಭ. ಅವರಿಗೆ ಸಿಗುವ ರಜೆ ಎಷ್ಟು? ಇಪ್ಪತ್ತೋ ಮೂವತ್ತೋ ದಿನ. ಅದರಲ್ಲಿ ಎರಡು ಮದುವೆ, ಮನೆಯ ದೈವದ ನೇಮ, ಅಪ್ಪನ ಕಣ್ಣಿನ ಆಪರೇಷನ್ನು, ಹೆಂಡತಿಯ ತವರು. ಆಧಾರ್‌ನಲ್ಲಿ ಫೋನ್ ನಂಬರ್ ಬದಲಿಸಲಿಕ್ಕೇ ಒಂದು ದಿನ ಹೋಗುತ್ತದೆ. ನೋಡದೆ ಕೊಳ್ಳುವುದು ಅವರ ಸೋಮಾರಿತನ ಅಲ್ಲ. ನೋಡದೆ ಕೊಳ್ಳುವವನಿಗೆ ಮಾರುವಾಗ ವಿವರ ಜಾಸ್ತಿ ಬೇಕು. ಇಲ್ಲಿ ಕಡಿಮೆ ಉಂಟು, ಚಿತ್ರ ಜಾಸ್ತಿ ಉಂಟು.

ಕೊಳ್ಳುವ ಕತೆ ಇದಾದರೆ ಮಾರುವ ಕತೆ ಇನ್ನೊಂದು. ಆ ಪುಟದಲ್ಲಿ ಅದರ ಸುದ್ದಿಯೇ ಇಲ್ಲ.

ಅಪ್ಪ ಅಮ್ಮ ಇಬ್ಬರೂ ಹೋದ ಮೇಲೆ ಕಟಪಾಡಿಯ ಮನೆ, 18 ಸೆಂಟ್ಸ್ ಜಾಗ, ನಾವು ಮೂವರಿಗೆ ಬಂತು. ನಾನು ಇಲ್ಲಿ, ತಂಗಿ ಬಹರೈನಿನಲ್ಲಿ, ತಮ್ಮ ಕೆನಡಾದಲ್ಲಿ. ಮಳೆಗಾಲಕ್ಕೊಮ್ಮೆ ಹೆಂಚು ಸರಿ ಮಾಡಿಸುವವರು ಯಾರು? ಮಾರೋಣ ಅಂತ ಒಪ್ಪಿದೆವು. ಹತ್ತಿರದ ಒಬ್ಬ ದಿನಸಿ ಅಂಗಡಿಯವರು ಸೆಂಟ್ಸಿಗೆ 5 ಲಕ್ಷದ ಹಾಗೆ 90 ಲಕ್ಷಕ್ಕೆ ಮಾತಾಡಿದರು. ಒಬ್ಬೊಬ್ಬರಿಗೆ 30 ಲಕ್ಷ. ಮಾತು ಮುಗಿದದ್ದು ಒಂದು ಸಂಜೆಯಲ್ಲಿ. ಕಾಗದ ಮುಗಿಯಲು ಹನ್ನೊಂದು ತಿಂಗಳು.

ಮೊದಲ ತೊಡಕು ಹೆಸರಿನದ್ದು. ದಾಖಲೆಯಲ್ಲಿ ಅಪ್ಪನ ಹೆಸರಿನ ಮುಂದೆ ಮನೆಹೆಸರು ಇದೆ. ನನ್ನ ಆಧಾರ್‌ನಲ್ಲಿ ಬರೀ ಇನಿಷಿಯಲ್. ತಮ್ಮನ ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರೇ ಅವನ ಸರ್‌ನೇಮ್. ತಂಗಿಯದ್ದರಲ್ಲಿ ಗಂಡನ ಹೆಸರು. ಕಾಗದದ ಪ್ರಕಾರ ನಾವು ಮೂವರು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದ ಅಪರಿಚಿತರು. ನನಗೆ ಆ ಒಂಬತ್ತು ದಿನದ ಎಲ್‌ಸಿ ನೆನಪಾಯಿತು.

ಎರಡನೆಯದು ಪವರ್ ಆಫ್ ಅಟಾರ್ನಿ, ತಮ್ಮ ಪರವಾಗಿ ಸಹಿ ಹಾಕಲು ನನಗೆ ಅಧಿಕಾರ ಕೊಡುವ ಪತ್ರ. ಇಬ್ಬರೂ ಅಲ್ಲಿನ ನಮ್ಮ ದೂತಾವಾಸಗಳಿಗೆ ಹೋಗಿ ಸಹಿ ಹಾಕಿ ಸೀಲು ಮಾಡಿಸಿ ಕೊರಿಯರ್‌ನಲ್ಲಿ ಕಳಿಸಿದರು. ನಾನು ಅದನ್ನು ದೇವರ ಫೋಟೊದ ಕೆಳಗೆ ಭದ್ರವಾಗಿ ಇಟ್ಟೆ. ಅಷ್ಟಮಿ ಮುಗಿಯಲಿ, ಚೌತಿ ಮುಗಿಯಲಿ, ನವರಾತ್ರಿ ಮುಗಿಯಲಿ ಅಂತ ದಿನ ದೂಡಿದೆ. ವಕೀಲರು ತಾರೀಕು ನೋಡಿ ತಲೆ ಮೇಲೆ ಕೈ ಇಟ್ಟರು. ಹೊರದೇಶದಲ್ಲಿ ಮಾಡಿದ ಅಂಥ ಪತ್ರ ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಅದಕ್ಕೆ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ನಾಲ್ಕೇ ದಿನ ಉಳಿದಿತ್ತು. 31 ವರ್ಷ 21 ದಿನದ ಲೆಕ್ಕ ತಪ್ಪದವನು ಮೂರು ತಿಂಗಳ ಲೆಕ್ಕದಲ್ಲಿ ಬೀಳುವವನಿದ್ದೆ.

ಮೂರನೆಯದು ತೆರಿಗೆ. 2025ರ ಫೆಬ್ರವರಿಯಲ್ಲಿ ರಿಜಿಸ್ಟ್ರಿ ಆಯಿತು. ನನ್ನ ಪಾಲಿನ 30 ಲಕ್ಷದಿಂದ ಕೊಳ್ಳುವವರು ಹಿಡಿದದ್ದು ನೂರಕ್ಕೆ 1ರ ಹಾಗೆ 30 ಸಾವಿರ ಟಿಡಿಎಸ್, ಅಂದರೆ ಮೊದಲೇ ಮುರಿದುಕೊಳ್ಳುವ ತೆರಿಗೆ. ತಂಗಿ ಮತ್ತು ತಮ್ಮನ ಪಾಲಿನಿಂದ ನೂರಕ್ಕೆ 12.5, ಅದರ ಮೇಲೆ ಸೆಸ್ಸು, ಕೂಡಿಸಿ 13. ಒಬ್ಬೊಬ್ಬರಿಂದ 3 ಲಕ್ಷ 90 ಸಾವಿರ. ಲಾಭಕ್ಕಲ್ಲ, ಪೂರ್ತಿ ಮೊತ್ತಕ್ಕೆ. "ಅಣ್ಣಾ, ನಾವು ಮೂವರೂ ಒಂದೇ ತೊಟ್ಟಿಲಲ್ಲಿ ಮಲಗಿದವರಲ್ವಾ?" ಅಂತ ತಂಗಿ ಕೇಳಿದಳು. ಹೊರದೇಶದಲ್ಲಿ ನೆಲೆಸಿದವರು ಮಾರಿದರೆ ನಿಯಮವೇ ಬೇರೆ. ಕಡಿಮೆ ಹಿಡಿಯಲು ಆದಾಯ ತೆರಿಗೆ ಇಲಾಖೆಯಿಂದ ಮೊದಲೇ ಸರ್ಟಿಫಿಕೇಟ್ ತರಬಹುದಿತ್ತು. ನಮಗೆ ಗೊತ್ತಾಗುವಾಗ ರಿಜಿಸ್ಟ್ರಿಯ ದಿನ ನಿಗದಿಯಾಗಿತ್ತು. ಆಮೇಲೆ ರಿಟರ್ನ್ ಹಾಕಿಯೇ ವಾಪಸ್ ಕೇಳಬೇಕು. ಪಾಪ, ಆ ಅಂಗಡಿಯವರಿಗೂ ಇವರಿಬ್ಬರ ತೆರಿಗೆ ಕಟ್ಟಲಿಕ್ಕೆಂದೇ ಟ್ಯಾನ್ ಅನ್ನುವ, ತೆರಿಗೆ ಹಿಡಿಯುವವರ ನಂಬರ್ ಮಾಡಿಸಬೇಕಾಯಿತು. "ಒಂದು ಮನೆ ತಗೊಳ್ಳಲಿಕ್ಕೆ ನಾನೇನು ಕಂಪನಿಯಾ?" ಅಂತ ಗೊಣಗುತ್ತಿದ್ದರು.

ಇನ್ನೂ ಒಂದುಂಟು. 2024ರ ಜುಲೈ 23ರ ಮೊದಲು ಕೈಗೆ ಬಂದ ಆಸ್ತಿ ಮಾರಿದರೆ ಲಾಭದ ಮೇಲಿನ ತೆರಿಗೆಯನ್ನು ನಾನು ಎರಡು ಥರ ಲೆಕ್ಕ ಹಾಕಬಹುದು. ಬೆಲೆ ಏರಿಕೆ ಸೇರಿಸಿ ನೂರಕ್ಕೆ 20, ಸೇರಿಸದೆ 12.5. ಯಾವುದು ಕಡಿಮೆಯೋ ಅದು. ತಂಗಿಗೆ ಆ ಆಯ್ಕೆ ಇಲ್ಲ, ಅವಳಿಗೆ 12.5 ಮಾತ್ರ. ದುಡ್ಡು ಎನ್‌ಆರ್‌ಒ, ಅಂದರೆ ಅನಿವಾಸಿಗಳು ಇಲ್ಲಿ ಇಡುವ ರೂಪಾಯಿ ಖಾತೆಗೆ ಬೀಳುತ್ತದೆ. ಅಲ್ಲಿಂದ ವರ್ಷಕ್ಕೆ 10 ಲಕ್ಷ ಡಾಲರ್‌ವರೆಗೆ ಹೊರಗೆ ಒಯ್ಯಬಹುದು. ನಮಗೆ ಆ ಮಿತಿಯ ಚಿಂತೆ ಬರಲಿಲ್ಲ ಅನ್ನಿ. ಸಿಎ ಕೊಡುವ ಸರ್ಟಿಫಿಕೇಟಿನ ಚಿಂತೆ ಬಂತು.

ಸರಕಾರ ಹೀಗೆ ಮಾಡಿದ್ದಕ್ಕೆ ಕಾರಣ ಇರಬಹುದು. ಮಾರಿ ವಿಮಾನ ಹತ್ತಿದವರನ್ನು ಹಿಡಿಯುವುದು ಕಷ್ಟ. ನನ್ನ ತಕರಾರು ಅದಲ್ಲ. ಕೊಳ್ಳಿ ಕೊಳ್ಳಿ ಅಂತ ಇಡೀ ಪುಟ ಕರೆಯುವವರು, ನಾಳೆ ನೀವು ಮಾರುವಾಗ ಹೀಗಾಗುತ್ತದೆ ಅಂತ ಒಂದು ಸಾಲು ಹೇಳುವುದಿಲ್ಲ.

ಆ ಮನೆಯಿಂದ ನಾನು ತಂದದ್ದು ಒಂದು ಹೆಂಚು. ಅದರ ಬೆನ್ನಿಗೆ ಬಾಸೆಲ್ ಮಿಷನ್ ಟೈಲ್ ವರ್ಕ್ಸ್, ಮಂಗಳೂರು, 1865 ಅಂತ ಅಚ್ಚು ಇದೆ. 1865 ಅಂದರೆ ಜೆಪ್ಪುವಿನಲ್ಲಿ ಕಾರ್ಖಾನೆ ಶುರುವಾದ ವರ್ಷ, ಆ ಹೆಂಚಿನ ವಯಸ್ಸಲ್ಲ. ಹಳೆ ಸಾಮಾನಿನವರು ಇದನ್ನು ತಪ್ಪಾಗಿ ಹೇಳಿ ರೇಟು ಏರಿಸುತ್ತಾರೆ. ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷರು ಮಿಷನ್‌ನವರಿಂದ ಕಾರ್ಖಾನೆ ಕಿತ್ತುಕೊಂಡರು, ಆಮೇಲೆ ಅದು ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಹೋಯಿತು. ಮಂಗಳೂರು ಹೆಂಚು ಸಿಲೋನಿಗೂ ಬರ್ಮಾಕ್ಕೂ ಪೂರ್ವ ಆಫ್ರಿಕಕ್ಕೂ ಹೋಗಿದೆ. ಯಾವ ಊರಿನ ಮಾಡಿನಿಂದ ಇಳಿಸಿ ಮಗುಚಿ ನೋಡಿದರೂ ಮಾಡಿದವರು ಯಾರು, ಎಲ್ಲಿಯವರು ಅಂತ ಓದಬಹುದು. ಕನ್ನಡಕ ಇಲ್ಲದೆಯೇ ಓದಬಹುದು.

ದುಬೈಯ ಭಾಗ ಚುಟುಕಾಗಿ. ಈಗ ಗಾಳಿ ತಿರುಗಿ ಬೀಸುತ್ತಿದೆ. ಅಲ್ಲಿಯವರು ಇಲ್ಲಿಗೆ ಬಂದು ಅಲ್ಲಿಯ ಫ್ಲ್ಯಾಟ್ ಮಾರುತ್ತಾರೆ. ಹಂಪನಕಟ್ಟೆಯ ಒಂದು ಹೋಟೆಲಿನಲ್ಲಿ ಅಂಥದ್ದೊಂದು ಇತ್ತು, ಗೋಳಿಬಜೆ ಇದೆ ಅಂತ ಗೆಳೆಯರು ಕರಕೊಂಡು ಹೋದರು. ಗೋಳಿಬಜೆ ಚೆನ್ನಾಗಿತ್ತು. ತಿಂಗಳಿಗೆ ಬೆಲೆಯ ನೂರಕ್ಕೆ ಒಂದರ ಹಾಗೆ ಕಂತು ಕಟ್ಟಿ ಸಾಕು ಅಂದ ಅಲ್ಲಿ ಫ್ಲ್ಯಾಟ್ ಮಾರುವ ಹುಡುಗ. ಕೊಳ್ಳುವವರು ಕಟ್ಟಿದ ದುಡ್ಡು ಎಸ್ಕ್ರೋ ಅನ್ನುವ ಪ್ರತ್ಯೇಕ ಖಾತೆಯಲ್ಲಿ ಇರಬೇಕು ಅಂತ ದುಬೈಯಲ್ಲಿ 2007ರಿಂದ ಕಾನೂನಿದೆ, ಅದನ್ನು ಚೆನ್ನಾಗಿ ವಿವರಿಸಿದ. ಒಳ್ಳೆಯದೇ. ನಾನು ಕೇಳಿದೆ: ದಿರ್ಹಮ್ ಡಾಲರಿಗೆ ಕಟ್ಟಿದ್ದು, ಒಂದು ಡಾಲರಿಗೆ 3.6725. ನನ್ನ ಪೆನ್ಶನ್ ರೂಪಾಯಿಯಲ್ಲಿ. ರೂಪಾಯಿ ಇಳಿದರೆ ನನ್ನ ಕಂತು ಏರುವುದಿಲ್ಲವಾ? ಇಲ್ಲಿಂದ ವರ್ಷಕ್ಕೆ ಒಬ್ಬರು ಎರಡೂವರೆ ಲಕ್ಷ ಡಾಲರ್ ಮಾತ್ರ ಕಳಿಸಬಹುದು, ಅದರಲ್ಲೂ 10 ಲಕ್ಷ ರೂಪಾಯಿ ದಾಟಿದ ಮೊತ್ತಕ್ಕೆ ನೂರಕ್ಕೆ 20 ಟಿಸಿಎಸ್ ಅನ್ನುವ ಮುಂಗಡ ತೆರಿಗೆ ಹಿಡಿಯುತ್ತಾರೆ. ಅಲ್ಲಿನ ಭೂ ಇಲಾಖೆಗೆ ನೂರಕ್ಕೆ 4 ಶುಲ್ಕ ಬೇರೆ. ಇದೆಲ್ಲ ನಿಮ್ಮ ಕಾಗದದಲ್ಲಿ ಎಲ್ಲಿದೆ? "ಅದು ನಿಮ್ಮ ಸಿಎ ಹತ್ತಿರ ಕೇಳಿ ಸರ್" ಅಂತ ಹೇಳಿ ಪಕ್ಕದ ಮೇಜಿಗೆ ಹೋದ.

ಇನ್ನು ನನ್ನ ಕೋರಿಕೆ. ಜಾಹೀರಾತಿನ ವಿಷಯಕ್ಕೆ ಪತ್ರಿಕೆ ಹೊಣೆಯಲ್ಲ ಅಂತ ನೀವು ಒಂದು ಚೌಕದಲ್ಲಿ ಹಾಕುತ್ತೀರಿ. ಅದೂ ಇರುವೆ ಸಾಲೇ. ಇರಲಿ. ಆದರೆ ಅಕ್ಷರದ ಗಾತ್ರ ನಿಮ್ಮ ಕೈಯಲ್ಲಿದೆ. ಚದರಡಿ ಹಾಕುವುದಾದರೆ ಕಾರ್ಪೆಟ್ ಏರಿಯಾವನ್ನೂ ಅದೇ ಗಾತ್ರದಲ್ಲಿ, ಅದೇ ಅಡಿಯಲ್ಲಿ ಹಾಕಿ ಅಂತ ಜಾಹೀರಾತು ಕೊಡುವವರಿಗೆ ಹೇಳಿ. ರೇರಾ ನಂಬರ್ ಮತ್ತು ರೇರಾದ ವೆಬ್‌ಸೈಟ್ ಜಾಹೀರಾತಿನಲ್ಲಿ ಇರಬೇಕು ಅಂತ ಕಾನೂನೇ ಹೇಳುತ್ತದೆ. ಓದಲು ಆಗುವ ಹಾಗೆ ಇರಲಿ ಅಂತ ನಾವು ಕೇಳುವುದು ಜಾಸ್ತಿ ಆಗಲಿಕ್ಕಿಲ್ಲ. ಜಾಹೀರಾತಿನ ಸುಳ್ಳು ಮಾತು ನಂಬಿ ನಷ್ಟ ಮಾಡಿಕೊಂಡವರು ಪರಿಹಾರ ಕೇಳಬಹುದು, ಬೇಡವೆಂದರೆ ದುಡ್ಡು ಬಡ್ಡಿ ಸಮೇತ ವಾಪಸ್ ಪಡೆಯಬಹುದು ಅಂತಲೂ ಅದೇ ಕಾನೂನಿನಲ್ಲಿದೆ. ಅದನ್ನು ನಿಮ್ಮ ವರದಿಗಾರರು ಒಮ್ಮೆ ಬರೆಯಲಿ.

ಮತ್ತೊಂದು. ಅದೇ ದಿನದ ವರ್ಗೀಕೃತ ಜಾಹೀರಾತಿನಲ್ಲಿ "ಅಡಿಕೆ ತೋಟ, ಗಲ್ಫಿನವರಿಗೆ ಉತ್ತಮ ಹೂಡಿಕೆ" ಅಂತ ನಾಲ್ಕು ಸಾಲು ಇತ್ತು. ಅನಿವಾಸಿಗಳು ಕೃಷಿ ಜಮೀನು, ತೋಟ, ಫಾರ್ಮ್ ಹೌಸ್ ಕೊಳ್ಳುವ ಹಾಗಿಲ್ಲ. ಅಪ್ಪ ಅಜ್ಜನಿಂದ ಬಂದರೆ ಇಟ್ಟುಕೊಳ್ಳಬಹುದು, ಅಷ್ಟೇ. ಆ ನಾಲ್ಕು ಸಾಲು ನಂಬಿ ಯಾರಾದರೂ ಅಡ್ವಾನ್ಸ್ ಕಳಿಸಿದರೆ? ಅಂಥದ್ದನ್ನಾದರೂ ತೆಗೆದುಕೊಳ್ಳಬೇಡಿ.

ಮುಂದಿನ ಭಾನುವಾರ ಆ ಫ್ಲ್ಯಾಟಿನ ಜಾಹೀರಾತು ಮತ್ತೆ ಬಂದೀತು. ಸಮುದ್ರದ ಚಿತ್ರ ಹಾಕಲಿ, ಬೇಡ ಅನ್ನುವುದಿಲ್ಲ. ಎಷ್ಟನೇ ಮಾಳಿಗೆಯಿಂದ ತೆಗೆದದ್ದು ಅಂತ ಪಕ್ಕದಲ್ಲಿ ಬರೆಯಲಿ.

ನಿಮ್ಮ ಓದುಗ,
ಗೇರುಬೀಜ ಫ್ಯಾಕ್ಟರಿಯ ಹಳೆ ಗುಮಾಸ್ತ, ಬಿಜೈ, ಮಂಗಳೂರು

(ಹೆಸರು ಹಾಕಬೇಡಿ. ಬಹರೈನಿನಲ್ಲಿ ತಂಗಿ ನಿಮ್ಮ ಪತ್ರಿಕೆಯನ್ನು ಫೋನಿನಲ್ಲಿ ಓದುತ್ತಾಳೆ.)